ಚಿಕ್ಕಗೌರಮ್ಮನ ಮೂರು ಡಬ್ಬಿ

ಚಿಕ್ಕಗೌರಮ್ಮನ ತಾತ ಮರುಳಪ್ಪ ಹೆಗಲ ಮೇಲೆ ನೀರು ಹೊತ್ತು ತೆಂಗು ಬೆಳೆಸಿದವನು. ಹಾಲ್ಕುರಿಕೆ ದಾಟಿದರೆ ಸಿಗುವ ನಮ್ಮೂರಿನ ಆ ತೋಟ ಒಂದು ಕಾಲಕ್ಕೆ ಬರೀ ಕಲ್ಲುಭೂಮಿ. ಕೆರೆ ಬತ್ತಿದ ವರ್ಷ ಊರವರೆಲ್ಲ ಸಸಿಗಳನ್ನು ಕೈಬಿಟ್ಟರು. ಮರುಳಪ್ಪ ಕೆರೆಯಂಗಳದಲ್ಲಿ ಗುಂಡಿ ತೋಡಿ, ಬಸಿದ ನೀರನ್ನು ಮಡಕೆಯಲ್ಲಿ ಮೊಗೆದು ತಂದು, ಒಂದೊಂದು ಸಸಿಯ ಬುಡಕ್ಕೂ ಕೂಸಿಗೆ ಹಾಲು ಕುಡಿಸಿದ ಹಾಗೆ ಕುಡಿಸಿದ. "ಮನೇಲಿ ಮುಖ ತೊಳೆಯಾಕೆ ನೀರಿಲ್ಲ, ಗಿಡಕ್ಕೆ ಹೊಯ್ತೀಯಲ್ಲ" ಎಂದು ಹೆಂಡತಿ ಗೊಣಗಿದರೆ, "ಮುಖ ನಾಳೆ ತೊಳೆದ್ರೂ ಆಯ್ತದೆ ಕಣೇ, ಗಿಡ ಇವತ್ತು ಒಣಗಿದ್ರೆ ನಾಳೆ ಹಸಿರಾಗಲ್ಲ" ಅನ್ನುತ್ತಿದ್ದನಂತೆ. ಆ ತಾತ ಮನೆಯ ಹಿತ್ತಲಲ್ಲೂ ಒಂದು ತೆಂಗು ನೆಟ್ಟ. ಅದು ಊರಿನ ಎಲ್ಲ ಮರಗಳ ನೆತ್ತಿ ನೋಡುವಷ್ಟು ಎತ್ತರಕ್ಕೆ ಬೆಳೆಯಿತು.

ಗೌರಮ್ಮನ ಅಪ್ಪ ಬೆಟ್ಟಸ್ವಾಮಿ ನಮ್ಮೂರಿಗೆ ಮೊದಲ ಟೀವಿ ತಂದವನು. "ಆಂಟೆನಾ ಕಟ್ಟಾಕೆ ಕಬ್ಬಿಣದ ಪೈಪು ಬೇಕಾಯ್ತದೆ ಯಜಮಾನ್ರೇ" ಎಂದು ತಿಪಟೂರಿನ ಅಂಗಡಿಯವನು ಅಂದದ್ದಕ್ಕೆ, "ನಮ್ಮಪ್ಪ ನೆಟ್ಟ ಮರಕ್ಕಿಂತ ಎತ್ತರದ ಪೈಪು ನಿನ್ನ ಅಂಗಡೀಲಿ ಅದಾ?" ಎಂದು ಕೇಳಿ, ಬರೀ ಆಂಟೆನಾ ಹೊತ್ತುಕೊಂಡು ಬಂದ. ಹಿತ್ತಲ ಮರದ ಸುಳಿ ಪಕ್ಕಕ್ಕೆ ಅದನ್ನು ಕತ್ತದ ಹಗ್ಗದಲ್ಲಿ ಬಿಗಿಸಿದ. ತೆಂಗಿನ ಸೀಮೆಯವನಿಗಲ್ಲದೆ ಇನ್ಯಾರಿಗೆ ಹೊಳೆದೀತು ಈ ಬುದ್ಧಿ! ಪೈಪು ಅಲ್ಲಾಡುವುದಿಲ್ಲ, ಮರ ಅಲ್ಲಾಡುತ್ತದೆ ಎಂಬುದು ಗಾಳಿ ಬೀಸಿದ ಮೇಲೆ ಗೊತ್ತಾಯಿತು. ವಾರ್ತೆ ಓದುವ ಹೆಂಗಸು ಮರದ ಜೊತೆಗೆ ತೂಗುತ್ತಿದ್ದಳು. ಮೇಲೆ ಗಾಳಿ ಜೋರಾದರೆ ಕೆಳಗೆ ಮಂತ್ರಿಗಳಿಗೆ ಎರಡೆರಡು ತಲೆ.

ಆಗೆಲ್ಲ ಬೆಟ್ಟಸ್ವಾಮಿಯ ಚಿಕ್ಕ ಮಗ ದಯಾನಂದ ಮರ ಹತ್ತುತ್ತಿದ್ದ. ಅಳಿಲಿನಂತೆ ಹತ್ತುತ್ತಿದ್ದ ಅಂದರೆ ಅಳಿಲಿಗೂ ಸಿಟ್ಟು ಬಂದೀತು, ಅಷ್ಟು ಚುರುಕು. ಅವನ ಅಣ್ಣ ಶಿವಣ್ಣ ಹಿತ್ತಲ ಬಾಗಿಲಲ್ಲಿ ನಿಂತು ಮೇಲಕ್ಕೊಮ್ಮೆ ಒಳಕ್ಕೊಮ್ಮೆ ಕೂಗುವುದು. ಅಕ್ಕ ಗೌರಮ್ಮ ನಡುಮನೆಯಲ್ಲಿ ಟೀವಿ ಮುಂದೆ.

"ಅಣ್ಣಾ, ಬಂತಾ?" ಎಂದು ಮರದಿಂದ.

"ಅಕ್ಕಾ, ಬಂತಾ?" ಎಂದು ಬಾಗಿಲಿಂದ.

"ಇಲ್ಲ ಕಣ್ರೋ, ಬರೀ ಇರುವೆ ಹರೀತಾ ಅವೆ!" ಎಂದು ಒಳಗಿನಿಂದ.

"ಎಡಕ್ಕೆ ತಿರುಗ್ಸ್ಲಾ! ನಿನ್ನ ಎಡ ಅಲ್ಲ ಕಣ್ಲಾ, ನನ್ನ ಎಡ!"

ಕೊನೆಗೆ "ಬಂತೂ, ಹಂಗೇ ಬುಡೂ!" ಎಂದು ಗೌರಮ್ಮ ಕೂಗಿದಾಗ ಅದು ನಮ್ಮ ಮನೆಗೂ ಕೇಳಿಸುತ್ತಿತ್ತು. ಆ ಕೂಗು ಕೇಳಿದ ಮೇಲೆಯೇ ನಾವು ಕೇರಿಯವರು ಚಾಪೆ ಎತ್ತಿಕೊಂಡು ಅವರ ಮನೆಗೆ ಹೊರಡುತ್ತಿದ್ದೆವು.

ಗೌರಮ್ಮ ಆ ಹುಡುಗರಿಗೆ ಅಕ್ಕ ಅನ್ನುವುದು ಹೆಸರಿಗೆ, ಸಾಕಿದ ತಾಯಿ ಅವಳೇ. ಹೆತ್ತವಳು ಸತ್ತಾಗ ದಯಾನಂದ ಇನ್ನೂ ಅಂಬೆಗಾಲಿಡುತ್ತಿದ್ದ. ಕೂಸನ್ನು ಸೊಂಟಕ್ಕೇರಿಸಿಕೊಂಡೇ ಈಕೆ ರಾಗಿ ಬೀಸಿದಳು, ಮುದ್ದೆ ತೊಳಸಿದಳು. ದಂಡಿನಶಿವರದ ಕಡೆಗೆ ಕೊಟ್ಟಿದ್ದರು. ಗಂಡ ಬಾಳಲಿಲ್ಲ, ಹೋದ ದಾರಿಯಲ್ಲೇ ತಿರುಗಿ ಬಂದಳು. ಅಪ್ಪ ಅವಳನ್ನು ಏನೂ ಕೇಳಲಿಲ್ಲ. "ಒಲೆ ಆರಿ ಕೂತದೆ ನೋಡವ್ವ" ಅಂದ, ಅಷ್ಟೇ. ಅವಳು ಹೋಗಿ ಒಲೆ ಹಚ್ಚಿದಳು.

ಮುಂದೊಂದು ವರ್ಷ ಮುಂಗಾರಿನ ಸಿಡಿಲು ನೇರ ಆ ಆಂಟೆನಾದ ಮರಕ್ಕೇ ಬಡಿದು ಸುಳಿ ಸುಟ್ಟು ಹೋಯಿತು. ಬೆಟ್ಟಸ್ವಾಮಿ ಅದರ ಕಾಯಿಯಿಂದಲೇ ಎಬ್ಬಿಸಿದ ಸಸಿಯನ್ನು ಅದೇ ಜಾಗದಲ್ಲಿ ನೆಟ್ಟ. ಕಾಲ ಬದಲಾಯಿತು. ಚಪ್ಪಟೆ ಟೀವಿ ತಂದ, ಡಿಶ್ ಬಂತು, ಅದರ ಜೊತೆಗೆ ಸೆಟ್-ಟಾಪ್ ಬಾಕ್ಸ್ ಅನ್ನುವ ಡಬ್ಬಿ ಬಂತು. ಬಚ್ಚಲುಮನೆಯ ತಾರಸಿ ಮೇಲೆ ಡಿಶ್ ಕೂರಿಸಿದ ಮೇಲೆ ಯಾರೂ ಮರ ಹತ್ತಬೇಕಾಗಲಿಲ್ಲ. ಮನೆ ಮೌನವಾಗಿದ್ದು ಅಲ್ಲಿಂದಲೇ ಇರಬೇಕು.

ಬೆಟ್ಟಸ್ವಾಮಿ ಕಣ್ಣು ಮುಚ್ಚಿದ ಮೇಲೆ ಅಣ್ಣತಮ್ಮಂದಿರು ಪಾಲಾಗಿ ಬೇರೆ ಬೇರೆ ಮನೆ ಹಿಡಿದರು. ಯಾಕೆ ಪಾಲಾದರು ಅಂದರೆ ಏನು ಹೇಳಲಿ? ಅಟ್ಟದ ಕೊಬ್ಬರಿ ಯಾವಾಗ ಇಳಿಸಬೇಕು ಅನ್ನುವಲ್ಲಿ ಶುರುವಾದ ಮಾತು, ಮೋಟರು ಯಾರು ಹಾಕಬೇಕು ಅನ್ನುವಲ್ಲಿಗೆ ಹೋಗಿ, ಹೆಂಗಸರ ಬಾಯಿಗೆ ಬಿದ್ದು ಬೆಂಕಿಯಾಯಿತು. ಪಂಚಾಯ್ತಿ ಸೇರಿದ ದಿನ ನಾನೂ ಅವರ ಜಗಲಿಯಲ್ಲಿ ಕೂತಿದ್ದೆ. ತೋಟ ಹಂಚಿದರು, ದನ ಹಂಚಿದರು, ಹಂಡೆ ಕೊಪ್ಪರಿಗೆ ಹಂಚಿದರು. ನಡುಮನೆ ಮಾತ್ರ ಗೌರಮ್ಮನಿಗೆ, ಅವಳು ಇರುವ ತನಕ. ಹಿತ್ತಲ ತೆಂಗಿನಮರ ಶಿವಣ್ಣನಿಗೆ. ಬಚ್ಚಲುಮನೆ ದಯಾನಂದನಿಗೆ. ಕೊನೆಗೆ ಉಳಿದದ್ದು ಟೀವಿ. ಯಾರೂ ಬಿಡಲೊಲ್ಲರು. ಪಂಚರಿಗೆ ಹಸಿವಾಗಿತ್ತು. "ಟೀವಿ ದೊಡ್ಡೋನಿಗೆ, ಡಬ್ಬಿ ಡಿಶ್ಶು ಚಿಕ್ಕೋನಿಗೆ" ಎಂದು ತೀರ್ಮಾನ ಹೇಳಿ ಎದ್ದರು. ಎತ್ತು ಒಬ್ಬನಿಗೆ, ನೊಗ ಒಬ್ಬನಿಗೆ! ಟೀವಿ ಇದ್ದವನಿಗೆ ಚಿತ್ರ ಬರುವಂತಿಲ್ಲ, ಡಬ್ಬಿ ಇದ್ದವನಿಗೆ ನೋಡುವಂತಿಲ್ಲ. ಇಬ್ಬರೂ ಸಮಪಾಲು ಸಿಕ್ಕಿತೆಂದು ಒಪ್ಪಿದರು.

ಗೌರಮ್ಮ ಮೊದಲು ಶಿವಣ್ಣನ ಹತ್ತಿರ ಹೋದಳು. "ಟೀವಿ ಇಲ್ಲೇ ನಡುಮನೇಲಿ ಇರ್ಲಿ ಕಣಪ್ಪ, ಅಪ್ಪ ಇಕ್ಕಿದ ಜಾಗ." ಅವನು ಹೂಂ ಅಂದ. ಆಮೇಲೆ ದಯಾನಂದನ ಹತ್ತಿರ ಹೋಗಿ ಡಬ್ಬಿಯನ್ನೂ ಅಲ್ಲೇ ಉಳಿಸಿದಳು. ಸರಿಹೋಯಿತು ಅಂದುಕೊಂಡಳು. ಆದರೆ ಶಿವಣ್ಣ ನಡುಮನೆಗೆ ಬಂದು ಕೂರಲಿಲ್ಲ.

"ಯಾಕಪ್ಪ, ಬರಬಾರದಾ?"

"ಅವನು ದುಡ್ಡು ಕಟ್ಟಿರೋ ಡಬ್ಬಿ ಕಣಕ್ಕ. ಅವನ ಹಂಗಿನ ಚಿತ್ರ ನೋಡಾಕೆ ನಾನೇನು ದಿಕ್ಕಿಲ್ದೋನಾ?"

ಮಾರನೇ ವಾರ ಅವನೇ ಒಂದು ಹೊಸ ಡಬ್ಬಿ ತಂದು ಕೊಟ್ಟ. ಅದಕ್ಕೊಂದು ಬೇರೆ ಡಿಶ್. ಈಗ ಟೀವಿಗೆ ಎರಡು ಡಬ್ಬಿ. ಹಾಲ್ಕುರಿಕೆ ರಸ್ತೆಯಲ್ಲಿ ಅಂಗಡಿ ಇಟ್ಟಿರುವ ಮೆಕ್ಯಾನಿಕ್ ತಿಲಕ್ ಬಂದು, ದಯಾನಂದನ ಡಬ್ಬಿಯನ್ನು ಎಚ್‌ಡಿಎಂಐ ಅನ್ನುವ ಚಪ್ಪಟೆ ತೂತಿಗೆ, ಶಿವಣ್ಣನದನ್ನು ಕೆಂಪು-ಹಳದಿ-ಬಿಳಿ ಮೂರು ತೂತಿಗೆ ಸಿಕ್ಕಿಸಿದ. ಸೋರ್ಸ್ ಅನ್ನುವ ಗುಂಡಿ ಒತ್ತಿದರೆ ಇವನದು, ಮತ್ತೆ ಒತ್ತಿ ಇಳಿಸಿದರೆ ಅವನದು. ಗೌರಮ್ಮನಿಗೆ ಅಕ್ಷರ ಬಾರದು. ಶಿವಣ್ಣನ ರಿಮೋಟಿಗೆ ತೆಂಗಿನ ನಾರು ಸುತ್ತಿದಳು, ದಯಾನಂದನದಕ್ಕೆ ರಬ್ಬರ್ ಬ್ಯಾಂಡ್ ಹಾಕಿದಳು, ಟೀವಿಯದಕ್ಕೆ ಅರಿಶಿನದ ಬೊಟ್ಟಿಟ್ಟಳು. ಅಲ್ಲಿಗೆ ಅವಳ ಓದು ಮುಗಿಯಿತು.

ಮುಗಿಯಿತು ಅಂದೆನಲ್ಲ, ಇಲ್ಲ. ಚಪ್ಪಟೆ ತೂತಿನಲ್ಲಿ ಬರುವ ಚಿತ್ರ ಗಾಜಿನಂತೆ ಹೊಳೆಯುತ್ತದೆ, ಮೂರು ಬಣ್ಣದ ತಂತಿಯದು ಸ್ವಲ್ಪ ಮಂಕು. ಶಿವಣ್ಣನ ಹೆಂಡತಿ ಒಂದೇ ದಿನದಲ್ಲಿ ಕಂಡುಹಿಡಿದಳು. "ಏನ್ ಅತ್ತಿಗೆಮ್ಮ, ಚಿಕ್ಕ ತಮ್ಮನಿಗೆ ಹೊಳೆಯೋ ತೂತು, ನಮಗೆ ಮಂಕು ತೂತಾ?" ಗೌರಮ್ಮ ಯೋಚನೆ ಮಾಡಿದಳು. ಕೆರೆ ನೀರಿಗೆ ಸರದಿ ಇಲ್ಲವೇ? ಹಾಗೇ ಇದಕ್ಕೂ ಸರದಿ ಇಟ್ಟಳು. ಹುಣ್ಣಿಮೆಯಿಂದ ಅಮಾವಾಸ್ಯೆಗೆ ದಯಾನಂದನಿಗೆ ಚಪ್ಪಟೆ ತೂತು, ಅಮಾವಾಸ್ಯೆಯಿಂದ ಹುಣ್ಣಿಮೆಗೆ ಶಿವಣ್ಣನಿಗೆ. ಸರದಿಯ ದಿನ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಟೀವಿ ಹಿಂದೆ ಕೂತು ತಾನೇ ತಂತಿ ಕಿತ್ತು ಬದಲಾಯಿಸುತ್ತಿದ್ದಳು.

ಇಷ್ಟಾದರೂ ಆದದ್ದೇನು? ಶಿವಣ್ಣ ಬಂದರೆ ದಯಾನಂದ ಬರುವುದಿಲ್ಲ. ದಯಾನಂದನ ಕೆಮ್ಮು ಜಗಲಿಯಲ್ಲಿ ಕೇಳಿಸಿದರೆ ಶಿವಣ್ಣ ಎದ್ದು ಹಿತ್ತಲ ಬಾಗಿಲಿಂದ ಹೋಗುತ್ತಾನೆ. ಅವಳಿಗೆ ಬೇಕಾಗಿದ್ದದ್ದು ಟೀವಿಯಲ್ಲ. ಅಪ್ಪನ ಕಾಲದ ಹಾಗೆ ಅವರಿಬ್ಬರೂ ಒಂದೇ ಚಾಪೆಯಲ್ಲಿ ಕೂರಬೇಕು, ಅವಳು ಹಿಂದೆ ಗೋಡೆಗೆ ಒರಗಿ ಅವರ ಬೆನ್ನು ನೋಡಬೇಕು. ಇದನ್ನು ಅವಳು ನನ್ನ ಹೆಂಡತಿಯ ಹತ್ತಿರ ಒಂದು ಸಲ ಹೇಳಿದ್ದಳು, ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ.

ಆಮೇಲೆ ಒಂದು ದಿನ ತಿಲಕ್‌ನನ್ನು ಕರೆಸಿ ಮೂರನೇ ಡಬ್ಬಿ ಹಾಕಿಸಿದಳು. ತಿಂಗಳು ತಿಂಗಳು ಏನೂ ಕಟ್ಟಬೇಕಿಲ್ಲದ, ಸರ್ಕಾರದ ಬಿಟ್ಟಿ ಚಾನೆಲ್ಲುಗಳ ಡಬ್ಬಿ. ಅದರ ಡಿಶ್ಶೂ ಬಚ್ಚಲುಮನೆಯ ತಾರಸಿ ಮೇಲೇ, ಅಪ್ಪ ನೆಟ್ಟ ತೆಂಗಿನ ಪಕ್ಕದಲ್ಲೇ ಕೂತಿತು. ಟೀವಿಯ ತೂತುಗಳೆಲ್ಲ ಭರ್ತಿಯಾಗಿದ್ದವು. ಹಳೇ ಆಂಟೆನಾ ತೂತು ಒಂದೇ ಖಾಲಿ. ನಡುವೆ ಬೆಂಕಿಪೊಟ್ಟಣದಷ್ಟು ಒಂದು ಕನ್ವರ್ಟರ್ ಸೇರಿಸಿ ತಿಲಕ್ ಅದಕ್ಕೇ ಸಿಕ್ಕಿಸಿದ.

"ಅಲ್ಲ ಅಮ್ಮಾ, ಡಬ್ಬಿ ಮೂರು, ಟೀವಿ ಒಂದು, ನೋಡೋರು ನೀವೊಬ್ರು. ಅಂಗಡೀಲಿ ನಂಗೂ ಇಷ್ಟು ಡಬ್ಬಿ ಇಲ್ಲ ಕಣಮ್ಮ!"

"ನೋಡೋರು ಬತ್ತಾರೆ. ನೀನು ಸಿಕ್ಸು."

"ಇದು ಯಾರದು?"

"ಯಾರದೂ ಅಲ್ಲ. ಅದಕ್ಕೇ ಹಾಕ್ಸಿದ್ದು. ಇದರಲ್ಲಿ ಯಾರ ಹಂಗೂ ಇಲ್ಲ."

ಮೂರನೇ ಡಬ್ಬಿಯ ರಿಮೋಟಿಗೆ ಅವಳು ಏನೂ ಸುತ್ತಲಿಲ್ಲ.

ಆದರೆ ಅಷ್ಟರಲ್ಲಿ ಅಣ್ಣತಮ್ಮಂದಿರ ಮನೆಗಳಿಗೆ ಅವರವರ ಟೀವಿಗಳು ಬಂದವು, ಗೋಡೆಯಷ್ಟಗಲ. ನಡುಮನೆಗೆ ಬರುವುದು ಕಮ್ಮಿಯಾಯಿತು. ಹೇಳಬೇಕಾದ್ದಿದ್ದರೆ ಒಬ್ಬರಿಗೊಬ್ಬರು ಅಕ್ಕನ ಮೂಲಕ ಹೇಳಿಕಳಿಸುವುದು: "ಅವರಿಗೆ ಹೇಳಕ್ಕ", "ಇವರಿಗೆ ಹೇಳಕ್ಕ." ಅಣ್ಣ ಅನ್ನುವ ಮಾತು ಚಿಕ್ಕವನ ಬಾಯಲ್ಲಿ ಸತ್ತೇ ಹೋಯಿತು. "ಡಬ್ಬಿ ತಗಂಡೋಗ್ರಪ್ಪ ಹಂಗಾದ್ರೆ" ಎಂದು ಗೌರಮ್ಮ ಅನ್ನಲಿಲ್ಲ. ಅವರೂ ಒಯ್ಯಲಿಲ್ಲ. ಮೂರು ಡಬ್ಬಿಗಳ ಕೆಂಪು ದೀಪಗಳು ಮೂರು ಎಡೆಯ ಮುಂದಿನ ಹಣತೆಯ ಹಾಗೆ ಹತ್ತಿಕೊಂಡಿರುತ್ತಿದ್ದವು. ಸರದಿಯ ದಿನ ತಪ್ಪದೆ ತಂತಿ ಬದಲಾಯಿಸುತ್ತಲೇ ಇದ್ದಳು. "ಯಾರೂ ಬರಲ್ವಲ್ಲ ಗೌರವ್ವ" ಎಂದು ನಾನೇ ಒಮ್ಮೆ ಕೇಳಿದೆ. "ಅಟ್ಟಕ್ಕೆ ಹಾಕಿದ ಕಾಯಿ ವರ್ಷ ಮಲಗಿದ್ರೆ ತಾನೇ ಕೊಬ್ಬರಿ ಆಗೋದು ಮಾವ? ದಿನಾ ಹತ್ತಿ ಅಲ್ಲಾಡಿಸಿ ನೋಡಿದ್ರೆ ಆಯ್ತದಾ?" ಅಂದಳು.

ಕಳೆದ ಮಾರ್ನಾಮಿಯಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಅದೊಂದು ದಿನ ಮಾತ್ರ ಇಬ್ಬರೂ ಬರಲೇಬೇಕು. ಪಾಲಾದರೂ ಹಿರಿಯರು ಪಾಲಾಗುವುದಿಲ್ಲ, ಎಡೆ ಮೂಲಮನೆಯಲ್ಲೇ. ಕಜ್ಜಾಯ, ವಡೆ, ಪಾಯಸ. ನನ್ನನ್ನೂ ಊಟಕ್ಕೆ ಕರೆದಿದ್ದರು. ಉಂಡು ಎಲೆ ಎತ್ತಿದ ಮೇಲೆ ಇಬ್ಬರೂ ಹೊರಡಲು ಟವಲು ಕೊಡವುತ್ತಿದ್ದರು. ಗೌರಮ್ಮ ಏನೂ ಸುತ್ತದ ರಿಮೋಟನ್ನು ಕೈಗೆತ್ತಿಕೊಂಡಳು.

"ಅಪ್ಪ ನೋಡ್ತಿದ್ದಂಥ ಹಳೇ ಚಿತ್ರ ಹಾಕ್ತಾರಂತೆ ಈಗ. ಒಂದು ಗಳಿಗೆ ಕೂತ್ಕಳ್ಳಿ. ಇದು ನಿಮ್ಮಿಬ್ಬರದೂ ಅಲ್ಲ, ನನ್ನ ಡಬ್ಬಿ."

ಅಕ್ಕನ ಡಬ್ಬಿ ಅಂದ ಮೇಲೆ ಬೇಡ ಅನ್ನುವ ಹಾಗಿಲ್ಲ. ಚಾಪೆಯ ಈ ತುದಿಗೊಬ್ಬ, ಆ ತುದಿಗೊಬ್ಬ ಕೂತರು. ಗುಂಡಿ ಒತ್ತಿದರೆ ಚಿತ್ರವಿಲ್ಲ, ನೀಲಿ ಬಯಲು. ಸಿಗ್ನಲ್ ಇಲ್ಲ ಎಂದು ಅಕ್ಷರ ಬಂತು. ಗೌರಮ್ಮನ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ.

ದಯಾನಂದ ಎದ್ದು ಹಿತ್ತಲಿಗೆ ಹೋಗಿ ನೋಡಿದ. "ಅಕ್ಕಾ, ಗರಿ ಜೋತುಬಿದ್ದು ಡಿಶ್ಶಿಗೆ ಅಡ್ಡ ಕೂತದೆ" ಎಂದು ಕೂಗಿದ. ಅಪ್ಪ ನೆಟ್ಟ ಮರ ಈಗ ತಾರಸಿಯ ಮೇಲಕ್ಕೆ ತಲೆ ಹಾಕಿತ್ತು. ಬಚ್ಚಲುಮನೆಗೆ ಏಣಿ ಹಾಕಿ, ತುದಿಗೆ ಕುಡುಗೋಲು ಕಟ್ಟಿದ ದೋಟಿ ಹಿಡಿದು ಮೇಲೆ ಹೋದ. ಅಳಿಲಿನಂತಿದ್ದವನು ಈಗ ರಾಗಿ ಮೂಟೆ, ಏಣಿ ಕಿರ್ರೆಂದಿತು. ಶಿವಣ್ಣ, ಕರೆಯದಿದ್ದರೂ, ಎದ್ದು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತ.

ಮೇಲೆ ಹೋದವನು ದೋಟಿ ಎತ್ತಿ ಹಾಗೇ ನಿಂತುಬಿಟ್ಟ. "ಮರ ಅವರದು ಕಣಕ್ಕ. ಅವರು ಹೇಳಿದ್ರೆ ಕಡೀತೀನಿ."

"ಕಡೀಬೋದು ಅಂತ ಹೇಳಕ್ಕ ಅವರಿಗೆ" ಎಂದ ಶಿವಣ್ಣ.

ಗೌರಮ್ಮ ಟೀವಿ ಮುಂದಿನಿಂದ ಅಲ್ಲಾಡಲಿಲ್ಲ. "ಏನೂ ಕೇಳಿಸ್ತಿಲ್ಲ ಕಣ್ರಪ್ಪ ನಂಗೆ! ನೀವ್ ನೀವೇ ಹೇಳ್ಕಳ್ಳಿ!"

ಅವಳ ಕಿವಿ ಎಷ್ಟು ಚುರುಕು ಅಂದರೆ ಅಟ್ಟದಲ್ಲಿ ಇಲಿ ಉಸಿರಾಡಿದರೆ ಕೇಳಿಸುತ್ತದೆ.

ಆಮೇಲೆ ಶಿವಣ್ಣನ ದನಿ ಬಂತು: "ಕಡೀಲಾ ದಯಾ. ಅದಕ್ಕೇನು ಪತ್ರ ಬರ್ಕೊಡಬೇಕಾ?"

ಗರಿ ಸರ್ರನೆ ಕೆಳಗೆ ಬಿತ್ತು. ಅದು ಬಿದ್ದ ಸದ್ದಿನ ಜೊತೆಗೇ ಟೀವಿಯಲ್ಲಿ ಚಿತ್ರ ಬಂತು. ಕಪ್ಪು ಬಿಳುಪು ಚಿತ್ರ, ಎತ್ತಿನಗಾಡಿ, ಹಾಡು. ನಾನು ಕಣ್ಣಾರೆ ಕಂಡೆ.

"ಬಂತೇನಕ್ಕಾ?" ಎಂದು ಮೇಲಿನಿಂದ ದಯಾನಂದ.

ಗೌರಮ್ಮ ಪರದೆಯನ್ನು ನೋಡಿದಳು. ನನ್ನ ಕಡೆ ಒಂದು ಸಲ ತಿರುಗಿದಳು. ಸದ್ದಿನ ಗುಂಡಿ ಒತ್ತಿ ಹಾಡನ್ನು ಅಡಗಿಸಿದಳು. "ಇಲ್ಲ ಕಣ್ರೋ! ಇನ್ನೂ ಇಲ್ಲ!"

ನಾನು ಎಲೆಯಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ.

"ಡಿಶ್ಶೇ ಅಲುಗಿರ್ಬೇಕು, ತಿರುಗ್ಸಿ ನೋಡ್ಲಾ" ಎಂದ ಶಿವಣ್ಣ. ದಯಾನಂದ ತಿರುಗಿಸಿದ. ಸರಿಯಾಗಿದ್ದ ಡಿಶ್ ತಿರುಗಿಸಿದರೆ ಆಗುವುದೇನು? ಬಂದಿದ್ದ ಚಿತ್ರ ನಿಜವಾಗಿಯೂ ಹೋಯಿತು. ಆಮೇಲೆ ಅವಳು ಸುಳ್ಳು ಹೇಳುವ ಪ್ರಮೇಯವೇ ಬರಲಿಲ್ಲ.

"ಇಂಗಾ?"

"ಅಕ್ಕಾ, ಇಂಗಾ?"

"ಇಲ್ಲ!"

"ಎಡಕ್ಕೆ ಕಣ್ಲಾ."

"ಎಡಕ್ಕೇ ಅಲ್ವಾ ತಿರುಗ್ಸಿರೋದು!"

"ನಿನ್ನ ಎಡ ಅಲ್ಲ, ನನ್ನ ಎಡ! ಇಷ್ಟು ವಯಸ್ಸಾದ್ರೂ ಎಡ ಬಲ ಕಲೀಲಿಲ್ಲ ನೀನು."

"ನೀನು ಕೆಳಗೆ ನಿಂತು ಬಾಯಿ ಮಾಡೋದು ಬುಟ್ರೆ ಏನು ಮಾಡಿದೀಯ ಹೇಳು? ಅವತ್ತೂ ಹಂಗೇ, ಇವತ್ತೂ ಹಂಗೇ!"

ಹೊತ್ತು ಇಳಿಯಿತು. ದನಗಳು ತಾವೇ ಕೊಟ್ಟಿಗೆಗೆ ಬಂದು ನಿಂತವು. ಗೌರಮ್ಮ ಟೀವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ನೀಲಿ ಬಯಲನ್ನೇ ನೋಡುತ್ತಾ, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಕೊನೆಗೆ ಮೇಲಿನಿಂದ ಸುಸ್ತಾದ ಒಂದು ದನಿ: "ಅಣ್ಣಾ, ಈಗ ಬಂತಾ ನೋಡು."

ಅಣ್ಣಾ ಅಂದ. ನನಗೂ ಕೇಳಿಸಿತು.

ಚಿತ್ರ ಬಂದಿತ್ತು. ಶಿವಣ್ಣನೇ ಬಾಗಿಲಿಂದ ಇಣುಕಿ ನೋಡಿ, "ಬಂತು ಕಣ್ಲಾ! ಹಂಗೇ ಬುಡು, ಇಳಿ, ಹುಷಾರು" ಎಂದ.

ಇಬ್ಬರೂ ಬಂದು ಚಾಪೆಯಲ್ಲಿ ಕೂತರು, ಈ ಸಲ ತುದಿಯಲ್ಲಲ್ಲ. ಚಿತ್ರ ಮುಗಿಯುವ ಹೊತ್ತು. ನಾಯಕನೂ ನಾಯಕಿಯೂ ಸೇರಿ, ಶುಭಂ ಎಂದು ಬಿತ್ತು. ಗೌರಮ್ಮ ಗೋಡೆಗೆ ಒರಗಿದ್ದಳು. ಅವಳು ಟೀವಿ ನೋಡುತ್ತಿರಲಿಲ್ಲ. ಕಾಫಿ ಕುಡಿದು ಶಿವಣ್ಣ ಮುಂಬಾಗಿಲಿಂದ, ದಯಾನಂದ ಹಿತ್ತಲ ಬಾಗಿಲಿಂದ, "ಬತ್ತೀನಕ್ಕ" ಎಂದು ಹೊರಟುಹೋದರು.

ಮಾರನೇ ದಿನ ಇಬ್ಬರೂ ಬರಲಿಲ್ಲ. ಆ ವಾರವೂ ಇಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಗೌರಮ್ಮ ಹುಣ್ಣಿಮೆಗೂ ಅಮಾವಾಸ್ಯೆಗೂ ತಂತಿ ಬದಲಾಯಿಸುತ್ತಾ, ನೀರು ಸೇದಲು ಹಿತ್ತಲಿಗೆ ಹೋದಾಗಲೆಲ್ಲ ತಲೆ ಎತ್ತಿ ಮರ ನೋಡುತ್ತಿದ್ದಳು. ಕಡಿದ ಗರಿಯ ಮೇಲಿನದು ಈಗ ಮೆಲ್ಲಗೆ ಬಾಗುತ್ತಾ ಬರುತ್ತಿತ್ತು.

ಮೊನ್ನೆ ದಯಾನಂದನ ಮಗಳು ಭವ್ಯಶ್ರೀ ತುರುವೇಕೆರೆಯಿಂದ ಬಂದಿದ್ದಳು. ಅತ್ತೆ ಗೌರಮ್ಮನ ಟೀವಿಯಲ್ಲಿ ಚಿತ್ರ ಹಿಡಿದು ಹಿಡಿದು ಬರುವುದನ್ನು ಕಂಡು ಅವಳಿಗೆ ಮರುಕವಾಯಿತು. ತಾನೇ ಫೋನು ಮಾಡಿ ತಿಲಕ್‌ನನ್ನು ಕರೆಸಿದಳು. ನಾನು ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದೆ.

ತಿಲಕ್ ತಾರಸಿ ಹತ್ತಿ ನೋಡಿ ಇಳಿದು ಬಂದ. "ಗರಿ ಮತ್ತೆ ಬಗ್ಗಿ ಬತ್ತಾ ಅದೆ ಅಮ್ಮಾ. ಡಿಶ್ಶು ಕಿತ್ತು ಮುಂದಿನ ಗೋಡೆಗೆ ಹಾಕ್ತೀನಿ, ಆ ಕಡೆ ಮರ ಇಲ್ಲ. ಹಂಗೇ ಈ ಹಳೇ ಡಬ್ಬಿಗಳನ್ನೂ ತೆಗ್ದು ಎಲ್ಲಾ ಒಂದರಲ್ಲೇ ಬರೋ ಹಂಗೆ ಮಾಡ್ತೀನಿ. ಒಂದೇ ರಿಮೋಟು. ಇನ್ನು ನೀವು ಯಾರನ್ನೂ ಕರೀಬೇಕಾಗಲ್ಲ."

"ಮಾಡ್ಸ್ಕೋ ಅತ್ತೆ, ನಾನು ಕೊಡಿಸ್ತೀನಿ" ಎಂದಳು ಭವ್ಯಶ್ರೀ.

ಗೌರಮ್ಮ ಅವನ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ತೆಗೆದು ಅವನ ಚೀಲಕ್ಕೇ ಹಾಕಿದಳು. ಮೂರು ಡಬ್ಬಿಗಳ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸಿದಳು.

"ಬ್ಯಾಡ ಕಣಪ್ಪ. ಕಾಫಿ ಕುಡ್ಕಂಡು ಹೋಗು. ನೀನೂ ಸುಮ್ಕಿರವ್ವ, ನಂಗೇನೂ ಕೊಡಿಸ್ಬ್ಯಾಡ. ಡಿಶ್ಶು ಅಲ್ಲೇ ಇರ್ಲಿ, ಗರಿ ಬಗ್ಗಿದ್ರೆ ಬಗ್ಗಲಿ. ಚಿತ್ರ ನಿಂತೋದ್ರೆ ಸರಿ ಮಾಡಾಕೆ ನಮ್ಮ ಮನೇಲೇ ಇಬ್ರು ಗಂಡುಮಕ್ಕಳವ್ರೆ."